ಕವುಚಿದ ಬಾಣಲೆ

ದುರುಗಕ್ಕ ಗಂಡನ ಮೇಲೆ ಮುನಿಸಿಕೊಂಡ ದಿನ ಮಂಡಕ್ಕಿಗೆ ಉಪ್ಪು ಹೆಚ್ಚಾಗುತ್ತದೆ ಎಂದು ನಮ್ಮ ಓಣಿಯವರು ತಮಾಷೆ ಮಾಡುತ್ತಿದ್ದರು. ಗಂಡ ಬೋರಣ್ಣನಿಗೂ ಅದು ಗೊತ್ತಿತ್ತು. ಬೆಳಿಗ್ಗೆ ಭಟ್ಟಿಯ ಹತ್ತಿರ ಬಂದು ಒಂದು ಹಿಡಿ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, "ಇವತ್ತು ನಂದೇನೂ ತಪ್ಪಿಲ್ಲ ನೋಡ್ರಪ್ಪಾ, ಉಪ್ಪು ಸಮ ಐತೆ" ಎಂದು ಓಣಿಗೆಲ್ಲ ಕೇಳುವಂತೆ ಸಾರುವನು. ಅವಳು ಕಡ್ಡಿ ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಬರುವಳು. ಅವಳ ನಗು ನಮ್ಮ ಅಂಗಡಿಯವರೆಗೂ ಕೇಳಿಸುತ್ತಿತ್ತು.

ಇದು ಎಪ್ಪತ್ತೆರಡನೆಯ ಇಸವಿಯ ಬೇಸಿಗೆಯ ಮಾತು. ಚನ್ನಗಿರಿ ಪೇಟೆಯ ಹಿಂದಿನ ಆ ಓಣಿಗೆ ಭಟ್ಟಿ ಓಣಿ ಎಂದೇ ಹೆಸರು. ಸಾಲಾಗಿ ಮಂಡಕ್ಕಿ ಹುರಿಯುವ ಭಟ್ಟಿಗಳು, ಅವುಗಳ ಬೆನ್ನಿಗೆ ಹಂಚಿನ ಸಣ್ಣ ಸಣ್ಣ ಮನೆಗಳು. ಓಣಿಯ ಬಾಯಲ್ಲಿ ನಮ್ಮ ಕಿರಾಣಿ ಅಂಗಡಿ. ನನ್ನ ಯಜಮಾನರು ವಿರೂಪಾಕ್ಷಪ್ಪನವರು ಗಲ್ಲಾದ ಮುಂದೆ ಕೂತರೆ ನಾನು ಒಳಬಾಗಿಲಲ್ಲಿ ಕೂತು ಓಣಿ ನೋಡುತ್ತಿದ್ದೆ. "ಸರ್ವಮಂಗಳಾ, ನಿನಗೆ ಓಣಿ ಕಾಯಾಕೆ ಮುನಿಸಿಪಾಲ್ಟಿಯೋರು ಸಂಬಳ ಕೊಡ್ಬೇಕು ಕಣೆ" ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ನಾನು ನೋಡದಿದ್ದರೆ ಇದನ್ನೆಲ್ಲ ಇವತ್ತು ಹೇಳುವವರು ಯಾರು?

ಬೋರಣ್ಣ ಜಗಳೂರು ಕಡೆಯವನು. ತಾಯಿ ಗಾದ್ರಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಕೆಲಸ ಹುಡುಕುತ್ತ ಬಂದವನು, ಮೊದಲು ಜಂಪಣ್ಣನ ಭಟ್ಟಿಯಲ್ಲಿ ಕೂಲಿಗೆ ನಿಂತು, ಆಮೇಲೆ ಅವನಿಂದಲೇ ಒಂದು ಹಳೆಯ ಭಟ್ಟಿಯನ್ನು ಬಾಡಿಗೆಗೆ ಹಿಡಿದಿದ್ದ. ಹುರಿಯುವುದು ದುರುಗಕ್ಕ, ಮಾರುವುದು ಬೋರಣ್ಣ. ಅಕ್ಕಿಗೆ ಉಪ್ಪುನೀರು ಸವರಿ, ಕಾದ ಮರಳಿರುವ ದೊಡ್ಡ ಬಾಣಲೆಗೆ ಸುರಿದು, ಚಟಪಟ ಅರಳುತ್ತಿದ್ದಂತೆ ಬಾಚಿ ಜರಡಿಗೆ ಹಾಕಬೇಕು. ಒಂದು ಗಳಿಗೆ ತಡವಾದರೆ ಕರಕಲಾಗುತ್ತದೆ. ಆ ಕೈಚಳಕ ದುರುಗಕ್ಕನದು. ಬೋರಣ್ಣ ಸೈಕಲ್ಲಿಗೆ ಮೂಟೆ ಕಟ್ಟಿಕೊಂಡು ಸಂತೇಬೆನ್ನೂರು ಸಂತೆಗೂ ಬಸವಾಪಟ್ಟಣಕ್ಕೂ ಹೊರಟರೆ, ಹಿಂದಿನಿಂದ ನೋಡುವವರಿಗೆ ಮೂಟೆಗಳೇ ಸೈಕಲ್ ತುಳಿಯುತ್ತಿವೆ ಅನಿಸುತ್ತಿತ್ತು. ಮಿಕ್ಕ ಮಾಲು ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಗಳಿಗೆ ಹೋಗುತ್ತಿತ್ತು.

ಜರಡಿ ಹಿಡಿಯುವವಳು ಪಕ್ಕದ ಮನೆಯ ಭೀಮಕ್ಕ. ಅವಳ ಗಂಡ ಬೈಲಪ್ಪ ರೈಸ್‌ಮಿಲ್ಲಿನಿಂದ ಉರಿಗೆ ಬೇಕಾದ ಭತ್ತದ ಹೊಟ್ಟನ್ನು ಗಾಡಿಯಲ್ಲಿ ಹೇರಿ ತರುತ್ತಿದ್ದ. ಅವರಿಗೊಬ್ಬ ಮಗ, ಉಚ್ಚಂಗೆಪ್ಪ. ಹೆಸರು ಅವನಿಗಿಂತ ದೊಡ್ಡದು. ಆಗತಾನೆ ಓಡಲು ಕಲಿತಿದ್ದ. ದುರುಗಕ್ಕನ ಮಗಳು ಅಜ್ಜಮ್ಮ ಅವನಿಗಿಂತ ಸ್ವಲ್ಪ ದೊಡ್ಡವಳು. ಅವನ ಅಂಗಿ ಹಿಡಿದುಕೊಂಡು ಓಣಿ ತುಂಬ ಎಳೆದಾಡಿ, ಕೊನೆಗೆ ಇಬ್ಬರೂ ನಮ್ಮ ಅಂಗಡಿಯ ಮುಂದೆ ಬೆಲ್ಲಕ್ಕೆ ಕೈ ಚಾಚಿ ನಿಲ್ಲುತ್ತಿದ್ದರು. ಬೆಲ್ಲ ಸಿಗದೆ ಹೋದ ದಿನವಿಲ್ಲ.

ಗಾದ್ರಮ್ಮ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ಎಲ್ಲರ ಮೇಲೂ ಅಧಿಕಾರ ನಡೆಸುವಳು. ಹುಡುಗಿಯಾಗಿದ್ದಾಗ ಸಿಡುಬು ಎದ್ದು ಅವಳ ಮುಖವೆಲ್ಲ ಕುಳಿ ಬಿದ್ದಿತ್ತು, ಒಂದು ಕಣ್ಣು ಹೋಗಿತ್ತು. ಬಾಯಿ ಮಾತ್ರ ಜೋರು. ಸೊಸೆಯನ್ನು ಬೈಯುತ್ತಲೇ ಅವಳ ಪಾಲಿನ ರೊಟ್ಟಿಯನ್ನು ಬಿಸಿಯಾಗಿ ಮುಚ್ಚಿಡುತ್ತಿದ್ದಳು. ಬಡ ಸಂಸಾರ, ನಿಜ. ಆದರೂ ಸಂಜೆ ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ಆಡಿಕೊಂಡು ನಗುವುದನ್ನು ಕಂಡು ನನಗೇ ಎಷ್ಟೋ ಸಲ ಹೊಟ್ಟೆಕಿಚ್ಚಾಗುತ್ತಿತ್ತು.

ಇಂಥ ಓಣಿಗೆ ಒಂದು ಶಾಪವಿತ್ತು. ಶಾಪ ಎಂದು ನಾನು ಅನ್ನುತ್ತೇನೆ. ಅವರು ಪದ್ಧತಿ ಅನ್ನುತ್ತಿದ್ದರು.

ಸಿಡುಬನ್ನು ನಮ್ಮಲ್ಲಿ ಯಾರೂ ಸಿಡುಬು ಎಂದು ಕರೆಯುತ್ತಿರಲಿಲ್ಲ, ಅಮ್ಮ ಬಂದಾಳೆ ಎನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಕರಿಯಬಾರದು, ಹುರಿಯಬಾರದು. ಇದು ಎಲ್ಲ ಊರಲ್ಲೂ ಇದ್ದದ್ದೇ. ಆದರೆ ಭಟ್ಟಿ ಓಣಿಯ ಕಟ್ಟು ಇನ್ನೂ ಬಿಗಿ. ಅಲ್ಲಿ ಒಂದು ಮನೆಗೆ ಅಮ್ಮ ಬಂದರೆ ಓಣಿಯ ಎಲ್ಲ ಭಟ್ಟಿಗಳೂ ಆರಬೇಕು. ಬಾಣಲೆಯಲ್ಲಿ ಅಕ್ಕಿ ಅರಳಿದಂತೆಲ್ಲ ಮಲಗಿದವರ ಮೈಮೇಲೆ ಗುಳ್ಳೆ ಏಳುತ್ತವಂತೆ! ಸುದ್ದಿ ತಿಳಿದ ಕೂಡಲೇ ಓಣಿಯ ಹಿರಿಯ ಜಂಪಣ್ಣ ಕೋಲು ಹಿಡಿದು ಬಂದು ಒಂದೊಂದು ಭಟ್ಟಿಯ ಮುಂದೆಯೂ ನಿಂತು ಬಾಣಲೆ ಕವುಚಿಸುತ್ತಿದ್ದ. ಕೊನೆಯ ಮನೆಯ ಕೊನೆಯ ರೋಗಿಗೆ ಬೇವಿನ ಸೊಪ್ಪಿನ ಮೂರನೆಯ ನೀರು ಹಾಕಿ ಮೀಯಿಸುವ ತನಕ ಅದು ಹಾಗೆಯೇ ಬಿದ್ದಿರಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಹಬ್ಬಿದರೆ ತಿಂಗಳುಗಟ್ಟಲೆ ಒಲೆ ಇಲ್ಲ, ದುಡಿಮೆ ಇಲ್ಲ. ದೇವಿಗೆ ಕೋಪ ಬರಬಾರದು ಸರಿ. ಮಕ್ಕಳಿಗೆ ಹಸಿವಾಗಬಾರದೆಂದು ಯಾವ ಪದ್ಧತಿಯೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಲ್ಲಮ್ಮ ಎಂಬವಳ ಮನೆಗೆ ಅಮ್ಮ ಬಂದಿತ್ತು. ಓಣಿಯ ಗಂಡಸರು ಸೂಳೆಕೆರೆ ಕಡೆ ಕಾಲುವೆ ಕೆಲಸಕ್ಕೆ ಕಲ್ಲು ಹೊರಲು ಹೋದರು. ಹೆಂಗಸರು ಕಂಡವರ ಮನೆಯ ಮುಸುರೆ ತಿಕ್ಕಿದರು. ಆ ಕಷ್ಟಕ್ಕೆಲ್ಲ ಓಣಿ ಬೈದದ್ದು ಪದ್ಧತಿಯನ್ನಲ್ಲ, ಕಲ್ಲಮ್ಮನನ್ನು. "ಓಣಿ ಒಲೆ ಆರಿಸಿದೋಳು" ಎಂದು ನೀರಿನ ನಲ್ಲಿಯ ಹತ್ತಿರ ಅವಳ ಕೊಡವನ್ನೇ ಪಕ್ಕಕ್ಕೆ ಸರಿಸಿದರು. ಕೊನೆಗೆ ಆ ಸಂಸಾರ ಹೊನ್ನಾಳಿಗೆ ಹೊರಟುಹೋಯಿತು. ಅಂದಿನಿಂದ ಜ್ವರ ಬಂದರೆ ಬಾಯಿ ಬಿಡಬಾರದು ಎಂಬುದನ್ನು ಓಣಿ ಚೆನ್ನಾಗಿ ಕಲಿತುಕೊಂಡಿತು.

ಆ ಬೇಸಿಗೆಯಲ್ಲಿ ನ್ಯಾಮತಿ ಕಡೆ ಸಿಡುಬು ಎದ್ದಿದೆ ಎಂಬ ಸುದ್ದಿ ಬಂತು. ಹಿಂದೆಯೇ ಮೈಲಿ ಹಾಕುವ ಶಿವಮೂರ್ತಪ್ಪ ಸೈಕಲ್ ಮೇಲೆ ಬಂದ. ಸಿಡುಬು ಬರದಂತೆ ತೋಳಿಗೆ ಚುಚ್ಚುವುದಕ್ಕೆ ಆಗ ಮೈಲಿ ಹಾಕುವುದು ಎನ್ನುತ್ತಿದ್ದರು. ಸಣಕಲು ಮನುಷ್ಯ, ಮಾತು ಮಾತ್ರ ಧಾರಾಳ. ಒಬ್ಬರಿಗೆ ಚುಚ್ಚಲು ಹತ್ತು ಜನರಿಗೆ ಭಾಷಣ ಮಾಡುವನು. ಬೋರಣ್ಣ ತಾನೂ ಹಾಕಿಸಿಕೊಂಡು, ನೋವಾಯಿತೆಂದು ಸುಳ್ಳೇ ಕಿರುಚಿ, ಹೆದರಿದ ಹೆಂಡತಿಗೂ ಹಾಕಿಸಿದ. ಮಗುವಿನ ಸರದಿ ಬಂದಾಗ ಹೊಸ್ತಿಲಲ್ಲಿ ಗಾದ್ರಮ್ಮ ಅಡ್ಡ ಕೂತಿದ್ದಳು.

"ಮೊಮ್ಮಗಳೆಲ್ಲಿ ಅಜ್ಜೀ? ಇರುವೆ ಕಚ್ಚಿದಂಗೆ ಆಗ್ತೈತೆ, ಅಷ್ಟೇ" ಎಂದ ಶಿವಮೂರ್ತಪ್ಪ.

"ಇಲ್ಲಿಲ್ಲ. ನನ್ನ ಮಗಳ ಊರಿಗೆ ಹೋಗೈತೆ. ಇದ್ರೂ ಹಾಕಿಸ್ತಿರ್ಲಿಲ್ಲ. ತಾಯಿ ತಾನಾಗೇ ಬಂದ್ರೆ ಬರ್ಲಿ, ಸೂಜಿ ಚುಚ್ಚಿ ಕರಿಯಾಕೆ ನೀವ್ಯಾರ್ರೀ?"

"ತಾನಾಗೇ ಬಂದ್ರೆ ಏನು ಮಾಡ್ತಾಳೆ ಅಂತ ನಿನ್ನ ಮುಖಾನೇ ಹೇಳ್ತೈತಲ್ಲಜ್ಜೀ."

"ನನ್ನ ಮುಖ ನೋಡು ಅಂತ ನಿಮಗ್ಯಾರು ಹೇಳಿದ್ರು? ಹೋಗ್ರಿ ಅತ್ಲಾಗೆ!"

ಅಷ್ಟರಲ್ಲಿ ಅವರ ಮನೆಗೂ ಭೀಮಕ್ಕನ ಮನೆಗೂ ನಡುವಿನ ಹೊಟ್ಟಿನ ಕೋಣೆಯಿಂದ ಒಂದು ಸೀನು ಕೇಳಿಸಿತು. ಗಾದ್ರಮ್ಮ ಮುಖ ಕದಲಿಸದೆ, "ಬೆಕ್ಕು" ಎಂದಳು. ಎಲ್ಲರೂ ನಕ್ಕರು. ಶಿವಮೂರ್ತಪ್ಪನೂ ನಕ್ಕ. ಅವನಿಗೆ ಇನ್ನೂ ಎಷ್ಟೋ ಓಣಿಗಳಿದ್ದವು, ಹೊರಟುಹೋದ. ಭೀಮಕ್ಕನಂತೂ ಆ ದಿನ ಬಾಗಿಲೇ ತೆರೆದಿರಲಿಲ್ಲ.

ಸ್ವಲ್ಪ ದಿನಕ್ಕೆ ಉಚ್ಚಂಗೆಪ್ಪ ಓಣಿಯಲ್ಲಿ ಕಾಣಿಸುವುದು ನಿಂತಿತು. ಕೇಳಿದರೆ, "ನಮ್ಮವ್ವ ಬಂದು ತನ್ನೂರಿಗೆ ಕರಕಂಡು ಹೋಗ್ಯಾಳೆ" ಎಂದಳು ಭೀಮಕ್ಕ. ನಾವು ನಂಬಿದೆವು. ಅವಳು ಎಂದಿನಂತೆ ಜರಡಿ ಹಿಡಿದಳು, ಎಂದಿನಂತೆ ನಮ್ಮ ಮಾತಿಗೆ ನಕ್ಕಳು. ನಡುನಡುವೆ ಮನೆಗೆ ಹೋಗಿ ಬರುವಳು, ಅಷ್ಟೇ. ಹೊರಗಿನವರಲ್ಲಿ ಸತ್ಯ ಗೊತ್ತಿದ್ದದ್ದು ಅಜ್ಜಮ್ಮನಿಗೆ ಒಬ್ಬಳಿಗೇ. ಹೊಟ್ಟಿನ ಕೋಣೆಯ ಸಂದಿಗೊಂದಿ ಬಲ್ಲ ಹುಡುಗಿ, ಭೀಮಕ್ಕನ ಮನೆಯ ಹಿಂದಿನ ಕೋಣೆಗೆ ನುಸುಳಿ, ಅಲ್ಲಿ ಮಲಗಿದ್ದ ಗೆಳೆಯನ ಪಕ್ಕ ಕೂತು ಬರುತ್ತಿತ್ತು. "ಉಚ್ಚಂಗಿ ಮೈತುಂಬ ಮಂಡಕ್ಕಿ" ಎಂದು ಅದು ತಾಯಿಯ ಹತ್ತಿರ ಹೇಳಿತ್ತಂತೆ. ದುರುಗಕ್ಕ ಅದನ್ನು ಮಗುವಿನ ಮಾತೆಂದು ನಕ್ಕು ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಭೀಮಕ್ಕನ ಕೂಗು ಕೇಳಿ ಓಣಿಯೇ ಓಡಿತು. ಗಾಳಿಯಿಲ್ಲದ ಆ ಕೋಣೆಯಲ್ಲಿ, ಹೊಟ್ಟಿನ ಚೀಲಗಳ ನಡುವೆ, ಕೂಸು ಸತ್ತು ಮಲಗಿತ್ತು. ಅದರ ಮುಖ ನೋಡಿ ಗುರುತು ಹಿಡಿಯುವಂತಿರಲಿಲ್ಲ. ನಾನು ಇದನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ನಮ್ಮ ಅಂಗಡಿಯ ಬೆಲ್ಲ ತಿಂದ ಬಾಯಿ ಅದು. ಇನ್ನೂ ಹೇಳಲು ನನ್ನಿಂದ ಆಗದು.

ಜಂಪಣ್ಣ ಬಂದ. ಅತ್ತವನಂತೆ ಕಣ್ಣು ಕೆಂಪಾಗಿದ್ದವು. ಆದರೂ ಮಾತು ಕಲ್ಲಿನಂತೆ ಬಿತ್ತು.

"ಅಮ್ಮ ಓಣೀಲಿ ಕುಂತಿದ್ಲು. ನೀವು ಅವಳ ಎದುರಿಗೇ ಹುರಿದ್ರಿ. ಕೂಸನ್ನ ತಗಂಡು ಹೋದ್ಲು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಕವುಚ್ರಿ ಎಲ್ಲಾ!"

ಬಾಣಲೆಗಳು ಕವುಚಿ ಬಿದ್ದವು. ಹೆಂಗಸರ ಬಾಯಲ್ಲಿ, ಹೆತ್ತವಳೇ ಕೂಸನ್ನು ಹುರಿದು ಕೊಂದಳು ಎಂಬ ಮಾತು ಹುಟ್ಟಿತು. ಮಗ ಹೋದ ತಾಯಿಯ ಮುಂದೆ ಇಂಥ ಮಾತು ಆಡಬಹುದೇ? ಆಡಿದರು. ಭೀಮಕ್ಕ ಬಾಗಿಲು ಹಾಕಿಕೊಂಡಳು. ಬೈಲಪ್ಪ ಗಾಡಿಯ ನೊಗದ ಮೇಲೆ ತಲೆಯಿಟ್ಟು ಕೂತಿರುತ್ತಿದ್ದ.

ಒಲೆ ಆರಿದ ಓಣಿಯ ಬಾಳು ಹೇಗಿರುತ್ತದೆ ಎಂದು ನಾನು ಅಂಗಡಿಯಿಂದಲೇ ಕಂಡೆ. ಮೊದಲು ಬೆಲ್ಲ, ಕಾಫಿಪುಡಿ ಕೊಳ್ಳುವುದು ನಿಂತಿತು; ಆಮೇಲೆ ಬೇಳೆ ನಿಂತಿತು; ಕೊನೆಗೆ ಉಪ್ಪು, ಮೆಣಸಿನಕಾಯಿ, ರಾಗಿಹಿಟ್ಟು ಇಷ್ಟೇ ಉಳಿಯಿತು. ಬಸ್‌ಸ್ಟ್ಯಾಂಡಿನವರು ದಾವಣಗೆರೆಯಿಂದ ಮಂಡಕ್ಕಿ ತರಿಸಿಕೊಳ್ಳತೊಡಗಿದರು. ಬೋರಣ್ಣ ಅದೇ ಬಸ್ಸಿನಿಂದ ಅದೇ ಮಂಡಕ್ಕಿ ಮೂಟೆ ಇಳಿಸುವ ಹಮಾಲಿಯಾದ. "ನಮ್ಮ ಮಂಡಕ್ಕಿಗಿಂತ ಉಪ್ಪು ಕಮ್ಮಿ ಕಣೆ, ಅಲ್ಲಿ ಗಂಡ ಹೆಂಡ್ತಿ ಜಗಳಾನೇ ಆಡಲ್ಲ" ಎಂದು ಹೆಂಡತಿಯನ್ನು ನಗಿಸಲು ನೋಡಿದ. ಅವಳು ನಗಲಿಲ್ಲ. ನಮ್ಮ ಮನೆಯಲ್ಲೂ ಒಗ್ಗರಣೆ ಇಲ್ಲ. ಓಣಿಯ ಬಾಯಲ್ಲಿ ಇದ್ದು ನಾವು ಬೇರೆಯಾಗುವುದು ಹೇಗೆ? ನನ್ನ ಯಜಮಾನರು ಸಪ್ಪೆ ಸಾರನ್ನು ಔಷಧಿ ಕುಡಿದಂತೆ ಕುಡಿದು, ಸಿಡುಬಿನಿಂದ ಸಾಯದಿದ್ದರೂ ಈ ಸಾರಿನಿಂದ ಸಾಯುತ್ತೇನೆ ಎನ್ನುತ್ತಿದ್ದರು.

ಬೇರೆ ಯಾವ ಮನೆಯಲ್ಲೂ ಜ್ವರದ ಸುದ್ದಿ ಬರಲಿಲ್ಲ. ಕೊನೆಗೂ ಜಂಪಣ್ಣ, ಸೋಮವಾರ ಪೂಜೆ ಮಾಡಿ ಬಾಣಲೆ ಎತ್ತೋಣ ಎಂದ. ಓಣಿಗೆ ಜೀವ ಬಂತು. ಹೊಟ್ಟು ಬಂದು ಬಿತ್ತು, ಮರಳು ಜರಡಿಯಾಡಿ ಒಣಗಿತು. ಭಾನುವಾರ ಮಧ್ಯಾಹ್ನ ನಾನು ಎಂದಿನಂತೆ ಒಳಬಾಗಿಲಲ್ಲಿ ಕೂತಿದ್ದೆ. ಬೋರಣ್ಣ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯ ನೆರಳಿನಲ್ಲಿ ಸರಸರ ಬರುತ್ತಿದ್ದ. ಸುಡುವ ಬಿಸಿಲು, ಮಗುವಿಗೆ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದಿಸಿದ್ದ.

"ಎಲ್ಲಿಗೆ ಬೋರಣ್ಣ?"

"ಜಗಳೂರಿಗೆ ಅಕ್ಕಾರೇ. ನಮ್ಮಕ್ಕನ ಮನೇಗೆ. ಹಬ್ಬ ಐತೆ."

"ಯಾವ ಹಬ್ಬಾನೋ?"

ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಅವನಿಗೆ ಸುಳ್ಳು ಬರುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ದುರುಗಕ್ಕ ಓಡಿಬಂದು ಅವನ ತೋಳು ಹಿಡಿದಳು. ಕಂಬಳಿ ಸರಿಯಿತು. ಅಜ್ಜಮ್ಮನ ಹಣೆಯ ಮೇಲೆ ಕೆಂಪು ಚುಕ್ಕೆಗಳಿದ್ದವು.

"ಬಸ್ಸು ಹತ್ತಬ್ಯಾಡ್ರಿ. ನನ್ನಾಣೆ."

"ಹುಚ್ಚಿ! ನಾಳೆ ಭಟ್ಟಿ ಹಚ್ಚಾಕೆ ಎಲ್ಲಾರೂ ಬಾಯಿ ಬಿಟ್ಕಂಡು ಕುಂತಾರೆ. ಇವತ್ತು ನಮ್ಮನೇಲಿ ಅಮ್ಮ ಅಂದ್ರೆ ಜನ ನಮ್ಮನ್ನ ಸುಮ್ನೆ ಬಿಡ್ತಾರಾ? ಕಲ್ಲಮ್ಮನ ಮನೇರಿಗೆ ಏನು ಮಾಡಿದ್ರು, ಮರೆತ್ಯಾ?"

"ಮರೆತಿಲ್ಲ. ಭೀಮಕ್ಕನ ಕೂಸು ಹೆಂಗೆ ಹೋತು ಅದನ್ನೂ ಮರೆತಿಲ್ಲ. ನಿಮ್ಮಕ್ಕನ ಮನೇಲಿ ಮಕ್ಕಳಿಲ್ಲೇನು? ಬಸ್ಸಿನಾಗೆ ಯಾರ ಮಕ್ಕಳೂ ಇರಲ್ಲೇನು? ನಾನು ಬಚ್ಚಿಡಲ್ಲ."

"ಹಂಗಾದ್ರೆ ಭಟ್ಟಿ ಆಸೆ ಬಿಡು. ಊರು ಬಿಡಾಕೆ ತಯಾರಾಗು."

"ಮಗಳನ್ನೂ ಬಿಡಲ್ಲ, ಭಟ್ಟೀನೂ ಬಿಡಲ್ಲ" ಎಂದು ಅವಳು ಮಗುವನ್ನು ಎಳೆದುಕೊಂಡಳು. ತಮಾಷೆಗೆ ಬಿಟ್ಟರೆ ಅವಳು ಗಂಡನ ಮಾತಿಗೆ ಎದುರಾಡಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಬೋರಣ್ಣ ಕಂಬಳಿ ಕೈಯಲ್ಲಿ ಹಿಡಿದು ನಡುಬೀದಿಯಲ್ಲಿ ನಿಂತ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಕೆಟ್ಟವನಲ್ಲ, ಸ್ವಾಮಿ! ಮಗಳ ಮೇಲೆ ಪ್ರಾಣವಿಟ್ಟ ತಂದೆಯನ್ನು ಆ ಬಿಸಿಲಲ್ಲಿ ಕಳ್ಳನಂತೆ ಓಡುವ ಹಾಗೆ ಮಾಡಿತಲ್ಲ, ಆ ಪದ್ಧತಿಗೆ ಬೆಂಕಿ ಬೀಳಲಿ ಎಂದು ನನಗೆ ಅನಿಸಿತು.

ದುರುಗಕ್ಕ ಬಾವಿಯ ಹತ್ತಿರದ ಮರದಿಂದ ಬೇವಿನ ಟೊಂಗೆ ಮುರಿದು, ಎಲ್ಲರೂ ನೋಡುತ್ತಿರುವಂತೆ, ಮನೆಗೆ ಅಮ್ಮ ಬಂದ ಗುರುತಾಗಿ ತನ್ನ ಬಾಗಿಲಿಗೆ ಕಟ್ಟಿದಳು. ಆಮೇಲೆ ಬೋರಣ್ಣನಿಗೆ, "ಸೈಕಲ್ ತಗಂಡು ಹೋಗಿ ಶಿವಮೂರ್ತಪ್ಪಾರನ್ನ ಕರಕಂಡು ಬರ್ರಿ" ಎಂದಳು. ಅವನು ಹೋದ.

ಶಿವಮೂರ್ತಪ್ಪ ಬಂದವನು ಮೊದಲ ಸಲ ಭಾಷಣ ಮಾಡಲಿಲ್ಲ. ಮಗುವನ್ನು ನೋಡಿದ, ಸಿಡುಬೇ ಎಂದ. ಮೇಲಿನವರಿಗೆ ಸುದ್ದಿ ಕಳಿಸಿ, ಇನ್ನೊಬ್ಬರನ್ನು ಜೊತೆಗೆ ಕರೆಸಿಕೊಂಡು ಮನೆಮನೆಗೂ ಹೋಗಿ ಮೈಲಿ ಹಾಕಿದ. ಉಚ್ಚಂಗೆಪ್ಪನನ್ನು ನೋಡಿದ್ದ ಓಣಿ ಈ ಸಲ ಹೆಚ್ಚು ಹಟ ಮಾಡಲಿಲ್ಲ. ದುರುಗಕ್ಕನ ಮನೆಯವರು ಯಾರೂ ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ ಎಂದು ಕಟ್ಟು ಮಾಡಿದ. ಮಗುವಿನ ಆರೈಕೆ ಗಾದ್ರಮ್ಮನ ಪಾಲಿಗೆ ಬಂತು; ಒಮ್ಮೆ ಸಿಡುಬು ಎದ್ದವರಿಗೆ ಮತ್ತೆ ಬರುವುದಿಲ್ಲವಂತೆ. ಮುದುಕಿ ಮೊಮ್ಮಗಳ ಪಕ್ಕ ಕೂತು, "ನಾನೇ ಬೆಕ್ಕು ಅಂದೆ, ನಾನೇ ಬೆಕ್ಕು ಅಂದೆ" ಎಂದು ತಲೆ ಚಚ್ಚಿಕೊಂಡಳು. ಅವಳನ್ನು ಬೈಯುವವರು ಯಾರೂ ಇರಲಿಲ್ಲ, ತಾನೇ ಬೈದುಕೊಂಡಳು. ನಾನು ದಿನವೂ ಗಂಜಿ, ಹಾಲು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು ದೂರ ನಿಂತು ಮಾತಾಡಿಸಿ ಬರುತ್ತಿದ್ದೆ.

ಬಾಣಲೆಗಳು ಮಾತ್ರ ಕವುಚಿಯೇ ಇದ್ದವು. ಸಂಜೆಯಾದರೆ ದುರುಗಕ್ಕನ ಕಿಟಕಿಗೆ ಕೇಳುವಂತೆ ಬೈಗುಳ ಬೀಳತೊಡಗಿದವು. ಎಲ್ಲರ ತೋಳಿನ ಮೇಲೂ ಮೈಲಿ ಎದ್ದು, ಮಾಗಿ, ಹಕ್ಕಳೆ ಕಟ್ಟಿದ ಮೇಲೆ ಶಿವಮೂರ್ತಪ್ಪ ಓಣಿಯವರನ್ನು ದುರುಗಕ್ಕನ ಭಟ್ಟಿಯ ಮುಂದೆ ಸೇರಿಸಿದ. ಭಟ್ಟಿಗೂ ಅವಳ ಕಿಟಕಿಗೂ ನಡುವೆ ಒಂದು ಅಂಗಳ, ಅಷ್ಟೇ.

"ಜಂಪಣ್ಣಾರೇ, ಈ ರೋಗ ಮೈಯಿಂದ ಮೈಗೆ ಬರ್ತೈತೆ, ಒಲೆಯಿಂದ ಬರಲ್ಲ. ನೀವು ಒಲೆ ಆರಿಸ್ತೀರಿ. ಅದಕ್ಕೆ ಹೆದರಿ ಜನ ರೋಗ ಮುಚ್ಚಿಡ್ತಾರೆ. ಮುಚ್ಚಿಟ್ಟಲ್ಲಿಗೆ ಇನ್ನೊಂದು ಮಗು ಹೋಗ್ತೈತೆ. ಕಾಯಿಲೆ ಮನೆ ಬಾಗಿಲು ಹಾಕ್ರಿ, ಬ್ಯಾಡ ಅನ್ನಲ್ಲ. ಇಡೀ ಓಣಿ ಹೊಟ್ಟೆ ಮ್ಯಾಲೆ ಯಾಕೆ ಬಾಣಲೆ ಕವುಚ್ತೀರಿ?"

"ನೀವು ಓದಿದೋರು, ಹೇಳ್ತೀರಿ" ಎಂದ ಜಂಪಣ್ಣ. "ನನ್ನ ಮಗ ಹೋದಾಗ ನೀವು ಎಲ್ಲಿದ್ರೋ ಏನೋ. ಎರಡು ನೀರು ಹಾಕಿದ್ವಿ. ಎದ್ದು ಕುಂತು ಉಂಡಿದ್ದ ಹುಡುಗ. ಯಾವಳೋ ಕದ್ದು ಕಡಲೆ ಹುರಿದ್ಲು. ಬೆಳಗಾಗೋದ್ರೊಳಗೆ..."

ಅವನು ಮುಖ ತಿರುಗಿಸಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ನಾನು ಆ ಮುದುಕನನ್ನು ಎಷ್ಟು ಬೈದುಕೊಂಡಿದ್ದೆನೋ, ಅಂದು ಅಷ್ಟೇ ಅಯ್ಯೋ ಅನಿಸಿತು. ಮಗ ಸುಮ್ಮನೆ ಸತ್ತ ಎಂದು ಒಪ್ಪಿಕೊಳ್ಳಲು ಅವನಿಂದ ಆಗಿರಲಿಲ್ಲ. ಯಾವಳೋ ಕಡಲೆ ಹುರಿದವಳು ಅವನಿಗೆ ಬೇಕಾಗಿದ್ದಳು.

ಆಗ ಕಿಟಕಿಯಲ್ಲಿ ಗಾದ್ರಮ್ಮನ ಮುಖ ಕಾಣಿಸಿತು.

"ಜಂಪಣ್ಣಾ, ಇಲ್ಲಿ ನೋಡಪ್ಪಾ. ನಮ್ಮೂರಾಗೆ ಊರಿಗೂರೇ ಒಗ್ಗರಣೆ ಬಿಟ್ಟಿತ್ತು. ಒಂದು ಸಾಸಿವೆ ಕಾಳು ಸಿಡಿದಿರ್ಲಿಲ್ಲ. ಭಟ್ಟಿ ಅಂಬೋದನ್ನ ನಾವು ಕಂಡೇ ಇರ್ಲಿಲ್ಲ. ನಮ್ಮಕ್ಕ ಹೋದ್ಲು, ತಂಗಿ ಹೋದ್ಲು, ನಾನೊಬ್ಳು ಹಿಂಗೆ ಉಳಿದೆ." ಅವಳು ತನ್ನ ಕುಳಿಬಿದ್ದ ಕೆನ್ನೆಯ ಮೇಲೆ ಬೆರಳಿಟ್ಟಳು. "ಹೇಳು, ಇವನ್ನ ಯಾರು ಹುರಿದ್ರು?"

ಒಳಗಿನಿಂದ ದುರುಗಕ್ಕ ಕೂಗಿ ಹೇಳಿದಳು:

"ನನ್ನ ಭಟ್ಟಿ ಯಾರಾದ್ರೂ ಹಚ್ರವ್ವಾ. ನಾನು ಹೊರಗೆ ಬರಂಗಿಲ್ಲ. ನಮ್ಮನೇಲಿ ಅಮ್ಮ ಅದಾಳೆ, ಹೌದು. ನಾನು ಮುಚ್ಚಿಟ್ಟಿಲ್ಲ. ನೀವೂ ಒಲೆ ಮುಚ್ಚಬ್ಯಾಡ್ರಿ. ಏನಾದ್ರೂ ಆದ್ರೆ ನನ್ನ ಮಗಳಿಗೆ ಆಗ್ಲಿ, ನಿಮ್ಮನ್ನ ಒಂದು ಮಾತು ಕೇಳಲ್ಲ."

ಹೇಳುವುದನ್ನು ಹೇಳಿಬಿಟ್ಟಳು. ಹಚ್ಚುವವರು ಯಾರು? ಗಂಡಸರು ನೆಲ ನೋಡಿದರು. ಹಸಿದ ಹೆಂಗಸರೂ ಕಾಲು ಕದಲಿಸಲಿಲ್ಲ. ಬೇರೆಯವರ ಕೂಸಿನ ಪ್ರಾಣ ತಮ್ಮ ಕೈಗೆ ಬಂದರೆ ಯಾರಾದರೂ ಹಿಂದೆ ಸರಿಯುತ್ತಾರೆ. ಅಷ್ಟರಲ್ಲಿ ಎಲ್ಲರ ಹಿಂದೆ, ಮುಚ್ಚಿಯೇ ಇರುತ್ತಿದ್ದ ಬಾಗಿಲು ತೆರೆಯಿತು. ಭೀಮಕ್ಕ ಬಂದಳು. ಕೆದರಿದ ತಲೆ, ಇಳಿದುಹೋದ ಮುಖ. ಯಾರನ್ನೂ ನೋಡದೆ ನೇರ ಹೋಗಿ ಬಾಣಲೆಯ ಅಂಚಿಗೆ ಕೈ ಹಾಕಿದಳು. ಜಂಪಣ್ಣ ಬಾಣಲೆಯ ಮೇಲೆ ಕೋಲು ಊರಿದ.

"ಮುಟ್ಟಬ್ಯಾಡ. ಇನ್ನೊಂದು ಕೂಸನ್ನೂ ಹುರೀಬೇಕಾ ನಿನಗೆ?"

ಭೀಮಕ್ಕ ಅವನ ಮುಖ ನೋಡಿದಳು.

"ನನ್ನ ಕೂಸನ್ನ ನಾನು ಹುರಿದು ಕೊಂದಿಲ್ಲ ಜಂಪಣ್ಣಾರೇ. ಬಚ್ಚಿಟ್ಟು ಕೊಂದೆ. ನಿಮ್ಮ ಕೋಲಿಗೆ ಹೆದರಿ ಬಚ್ಚಿಟ್ಟೆ. ಅದು ಒಳಗೆ ನೀರು ನೀರು ಅಂತಿತ್ತು. ನಾನು ಇಲ್ಲೇ, ಇದೇ ಜಾಗದಾಗೆ ಜರಡಿ ಹಿಡಕಂಡು ನಿಮ್ಮೆಲ್ಲರ ಜೊತೆ ನಗ್ತಾ ಇದ್ದೆ. ಯಾರಿಗೂ ಗೊತ್ತಾಗಬಾರ್ದು ಅಂತ ನಗ್ತಾ ಇದ್ದೆ. ಕೋಲು ತಗೀರಿ."

ಕೋಲು ಸರಿಯಿತು. ಅವನು ಸರಿಸಿದನೋ, ಅದೇ ಜಾರಿತೋ, ನಾನು ಹೇಳಲಾರೆ. ಬೈಲಪ್ಪ ಮುಂದೆ ಬಂದು ಹೆಂಡತಿಯ ಜೊತೆ ಕೈ ಹಾಕಿದ. ಬಾಣಲೆ ಮೇಲೆದ್ದಿತು.

ಓದುವವರನ್ನು ಕಾಯಿಸುವುದು ನನಗೆ ಹಿಡಿಸುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅಜ್ಜಮ್ಮ ಬದುಕಿದಳು. ಅಜ್ಜಿಯ ಹಾಗೆ ಕೆನ್ನೆಯ ಮೇಲೆ ಒಂದಷ್ಟು ಕುಳಿ ಉಳಿದವು, ಕಣ್ಣು ಎರಡೂ ಉಳಿದವು. ಅವಳಿಂದ ಓಣಿಯಲ್ಲಿ ಇನ್ನೊಬ್ಬರಿಗೆ ಹಬ್ಬಲಿಲ್ಲ. ಭಟ್ಟಿ ಓಣಿಯಲ್ಲಿ ಆಮೇಲೆ ದಡಾರ ಬಂದರೂ ಮತ್ತೇನೇ ಬಂದರೂ ಬಾಗಿಲಿಗೆ ಬೇವು ಕಟ್ಟುತ್ತಿದ್ದರು, ಆಸ್ಪತ್ರೆಗೂ ಹೇಳಿ ಕಳಿಸುತ್ತಿದ್ದರು, ಬಾಣಲೆ ಮಾತ್ರ ಕವುಚಲಿಲ್ಲ. ನನ್ನ ಯಜಮಾನರಿಗೆ ಅಂದೇ ಸಾರಿಗೆ ಒಗ್ಗರಣೆ ಬಿತ್ತು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಇದ್ಯಾವುದೂ ಅಲ್ಲ. ಆ ಹೊತ್ತು ಕಿಟಕಿಯ ಒಳಗೆ ನಡೆದದ್ದು.

ಭೀಮಕ್ಕ ಹೊಟ್ಟಿಗೆ ಬೆಂಕಿ ಹಚ್ಚಿದಳು. ಮರಳು ಕಾಯತೊಡಗಿತು. ನಾನು ಹಾಲಿನ ಚೊಂಬು ಹಿಡಿದು ಎಂದಿನಂತೆ ದೂರ ನಿಂತಿದ್ದೆ. ಒಳಗೆ ಅಜ್ಜಮ್ಮ ಬೇವಿನ ಸೊಪ್ಪಿನ ಮೇಲೆ ಮಲಗಿ ನಿದ್ದೆ ಹೋಗಿತ್ತು. ಮೈತುಂಬ ಗುಳ್ಳೆ. ಏಳಬೇಕಾದದ್ದೆಲ್ಲ ಎದ್ದಾಗಿದೆ, ಇನ್ನು ಬಾಡುವುದೊಂದೇ ಬಾಕಿ ಎಂದು ಶಿವಮೂರ್ತಪ್ಪ ಹೇಳಿದ್ದ. ಹೇಳಿದ್ದನೇನೋ ನಿಜ. ಆದರೆ ದುರುಗಕ್ಕ ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಮಾತು ಬೇರೆ. ಹೊರಗೆ ಅಷ್ಟು ಗಟ್ಟಿಯಾಗಿ ಕೂಗಿದವಳು ಈಗ ಮಗಳ ಮುಖದ ಹತ್ತಿರ ಮುಖ ತಂದು, ಕಣ್ಣು ಮಿಟುಕಿಸದೆ ಕೂತಿದ್ದಳು. ಬೋರಣ್ಣ ಗೋಡೆಯ ಕಡೆ ತಿರುಗಿದ್ದ.

ಅಕ್ಕಿ ಬಿತ್ತು. ಚಟ್, ಚಟ್ ಎಂದು ಮೊದಲು ಒಂದೆರಡು ಕಾಳು, ಆಮೇಲೆ ಬಾಣಲೆ ತುಂಬ. ಒಂದೊಂದು ಸದ್ದಿಗೂ ದುರುಗಕ್ಕನ ಹೆಗಲು ಬೆಚ್ಚುತ್ತಿತ್ತು.

"ಅತ್ತೇ, ಈ ಕಿವಿ ಹತ್ರ ಇರೋದು ಮುಂಚೆ ಇತ್ತಾ?"

"ಇತ್ತು ಕಣೆ."

"ಇದು?"

"ಬೆಳಿಗ್ಗೇನೂ ಇತ್ತು. ನಾನೇ ಸೊಪ್ಪಿನಾಗೆ ಸವರಿದ್ದೆ."

ಮೊದಲ ಬಾಣಲೆ ಜರಡಿಗೆ ಬಿತ್ತು. ಎರಡನೆಯದಕ್ಕೆ ಅಕ್ಕಿ ಸುರಿದರು. ಪಕ್ಕದ ಭಟ್ಟಿಯಲ್ಲೂ ಯಾರೋ ಬಾಣಲೆ ಎತ್ತಿದ ಸದ್ದು ಕೇಳಿಸಿತು. ಅಜ್ಜಮ್ಮ ನಿದ್ದೆಯಲ್ಲೇ ಮಗ್ಗುಲು ಬದಲಿಸಿ, ಬಾಯಿ ಚಪ್ಪರಿಸಿ, ಮತ್ತೆ ಮಲಗಿತು. ದುರುಗಕ್ಕ ಅದರ ಹಣೆಯನ್ನು ನೋಡಿದಳು, ಅಂಗೈ ನೋಡಿದಳು, ಅಂಗಾಲು ನೋಡಿದಳು. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ನಗುವಲ್ಲ, ಸಿಟ್ಟು. ಇಷ್ಟು ವರ್ಷ ಇಷ್ಟು ಜನ ಇದಕ್ಕೆ ಹೆದರಿ ಸತ್ತೆವಲ್ಲ ಎಂಬ ಸಿಟ್ಟು.

"ಅಕ್ಕಾರೇ, ಅಷ್ಟೇ ಅದಾವೆ. ಒಂದೂ ಹೆಚ್ಚಾಗಿಲ್ಲ."

ಹೊರಗೆ ಚಟಪಟ ಸದ್ದು ಮಂದವಾಗತೊಡಗಿತು. ಅವಳು ಕಿವಿಗೊಟ್ಟು ಕೇಳಿದಳು. ಥಟ್ಟನೆ ಎದ್ದು, ಕಿಟಕಿಯ ಸರಳು ಹಿಡಿದು, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಭೀಮಕ್ಕಾ! ಉರಿ ಸಾಲ್ದು ಕಣೇ, ಇನ್ನೊಂದಿಷ್ಟು ಹೊಟ್ಟು ಹಾಕು!"